ಅತ್ತೆಯ ಸವತಿಗೆ ಸೊಸೆಯ ಆರೈಕೆ

ಆ ಮನೆಯಲ್ಲಿ ಕಾರಿಗೆ ‘ಸವತಿ’ ಎಂದು ಹೆಸರಿಟ್ಟವರು ಅತ್ತೆ. ತಮ್ಮ ಗಂಡ ಇಪ್ಪತ್ತೆರಡು ವರ್ಷದಿಂದ ತಮಗಿಂತ ಹೆಚ್ಚು ಹೊತ್ತು ಅದರ ಜೊತೆಗೇ ಕಳೆದಿದ್ದಾರೆ ಎಂಬುದು ಅವರ ದೂರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ. ಮಾವ ಔಷಧಿ ಕಂಪನಿಯ ಮಾರಾಟದ ಕೆಲಸದಲ್ಲಿ ಊರೂರು ಸುತ್ತಿ ಅದನ್ನು ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿಸಿದ್ದರು. ನಿವೃತ್ತಿಯಾದ ಮೇಲೆ ಮಂಡಿನೋವು ಹಿಡಿದು ಅವರು ಕುರ್ಚಿ ಸೇರಿದರು, ಕಾರು ಶೆಡ್ಡು ಸೇರಿತು. ಬೆಳಗ್ಗೆ ಎಬ್ಬಿಸಿದರೆ ಇಬ್ಬರಿಗೂ ಕೆಮ್ಮು.

ಜಗಳ ಹೊತ್ತಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ. ಮಗ ಅನ್ನ ಕಲಸುತ್ತಾ, ಹವಾಮಾನ ಹೇಳುವವರ ಹಾಗೆ ಹೇಳಿದರು:

“ಗುಜರಿಯವನಿಗೆ ಹೇಳಿದೀನಿ. ತಿಂಗಳ ಕೊನೇಲಿ ಬಂದು ಕಾರು ಎತ್ಕೊಂಡು ಹೋಗ್ತಾನೆ.”

ಮಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿಯೂ ಅಳೆದು ತೂಗಿ ಮಾತಾಡುವ ಚಾಳಿಯಿಂದಾಗಿ ಹೆತ್ತ ತಾಯಿಯೂ ಅವರನ್ನು ಮೇಷ್ಟ್ರೇ ಎಂದು ಛೇಡಿಸುತ್ತಿದ್ದರು.

ಮಾವನ ಕೈ ತಟ್ಟೆಯಲ್ಲೇ ನಿಂತಿತು. “ಯಾರನ್ನ ಕೇಳಿ ಹೇಳ್ದೆ?”

“ಯಾರನ್ನ ಕೇಳ್ಬೇಕಪ್ಪಾ? ಹದಿನೈದು ದಿನಕ್ಕೊಂದ್ಸಲ ಗ್ಯಾರೇಜು. ತಿಂಗಳ ಕೊನೆಗೆ ಫಿಟ್‌ನೆಸ್ ಸರ್ಟಿಫಿಕೇಟು ಬೇರೆ ಮುಗಿಯುತ್ತೆ. ಆ ಕೆಮ್ಮು, ಆ ಸೋರಿಕೆ ಇಟ್ಕೊಂಡು ತಪಾಸಣೆಗೆ ಹೋದ್ರೆ ಅಲ್ಲಿಯವರು ಹೊಟ್ಟೆ ಹಿಡ್ಕೊಂಡು ನಗ್ತಾರೆ.”

“ಸೋರಿಕೆಯಂತೆ! ವಾರಕ್ಕೊಂದು ಲೋಟ ಆಯಿಲ್ ಹಾಕಿದ್ರೆ ರಾಣಿ ಥರಾ ಓಡ್ತಾಳೆ.”

“ಕೇಳಿದ್ರಾ?” ಎಂದರು ಅತ್ತೆ, ಪಲ್ಯದ ಸೌಟು ಎತ್ತಿಹಿಡಿದು. “ಮದುವೆಯಾಗಿ ಮೂವತ್ತೈದು ವರ್ಷ ಆಯ್ತು. ನನ್ನ ತಲೆಗೆ ಒಂದು ತೊಟ್ಟು ಎಣ್ಣೆ ಹಚ್ಚಿದ ಗಂಡಸಲ್ಲ. ಅವಳಿಗೆ ಮಾತ್ರ ವಾರವಾರ ಲೋಟಗಟ್ಟಲೆ!”

ಆಗ ಸೊಸೆ ನೀರಿನ ಲೋಟ ಕೆಳಗಿಟ್ಟು, “ಕಾರು ನನಗೆ ಬೇಕು,” ಎಂದಳು.

ಅವಳು ದೊಡ್ಡಾಸ್ಪತ್ರೆಯ ನರ್ಸು. ಹತ್ತು ವರ್ಷದಿಂದ ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಓಡಿ ಓಡಿ, ಯಾರ ಮುಖ ಯಾವ ಹಾಸಿಗೆಯದು ಎಂಬುದೂ ನೆನಪಿರದ ಸ್ಥಿತಿಗೆ ಬಂದಿದ್ದಳು. ಈಗ ಅದೇ ಆಸ್ಪತ್ರೆಯಲ್ಲಿ ಹೊಸ ಕೆಲಸವೊಂದು ಹುಟ್ಟಿತ್ತು: ಮನೆಗೆ ಹೋದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿ ಬರುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಹಿಡಿದವರಿಗೆ ಆರೈಕೆ ಮಾಡುವುದು. ಊರಾಚೆಯ ಬಡಾವಣೆಗಳಿಗೆ ಬಸ್ಸಿಲ್ಲ. ಆದ್ದರಿಂದ ಸ್ವಂತ ಗಾಡಿ ಇರಬೇಕು, ಅದರ ಕಾಗದಪತ್ರ ಸರಿಯಾಗಿರಬೇಕು. ಓಡಿಸಲು ಅವಳಿಗೆ ಬರುತ್ತಿತ್ತು, ಲೈಸೆನ್ಸೂ ಇತ್ತು, ಇಲ್ಲದ್ದು ಗಾಡಿಯೊಂದೇ. ಮೇಲ್ವಿಚಾರಕಿ ಖಡಾಖಂಡಿತ ಹೇಳಿದ್ದರು: ತಿಂಗಳು ಮುಗಿಯುವುದರೊಳಗೆ ಸರ್ಟಿಫಿಕೇಟು ತೋರಿಸಿದರೆ ಕೆಲಸ ನಿನ್ನದು, ಇಲ್ಲವಾದರೆ ಪಟ್ಟಿಯಲ್ಲಿ ನಿನ್ನ ಕೆಳಗಿರುವವಳದು. ಸೊಸೆಗೆ ಆ ಕೆಲಸ ಬೇಕಿತ್ತು. ಬೇಕೇ ಬೇಕಿತ್ತು. ಆಗಲೇ ಹೊಸ ಚೀಲವೊಂದನ್ನು ತಂದು ಪಟ್ಟಿ, ಕತ್ತರಿ, ನಳಿಕೆ, ಸಿರಿಂಜುಗಳನ್ನೆಲ್ಲ ಜೋಡಿಸಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದಳು. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರು, “ಕೂಸು ಹುಟ್ಟೋಕೆ ಮುಂಚೆ ಕುಲಾವಿ,” ಎಂದು ನಗುತ್ತಿದ್ದರು.

“ಅದನ್ನ ರಿಪೇರಿ ಮಾಡ್ಸೋದು ಅಂದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಕಣೇ,” ಎಂದರು ಮೇಷ್ಟ್ರು ಈಗ.

“ಮಾಡ್ಸಲ್ಲ ರೀ. ನಾನೇ ಮಾಡ್ತೀನಿ.”

“ನೀನಾ?” ಮೂರು ಗಂಟಲು ಒಟ್ಟಿಗೇ ಕೇಳಿದವು.

“ಯಾಕೆ? ಮನುಷ್ಯರ ನರ ಹುಡುಕಿ ಸೂಜಿ ಚುಚ್ಚೋಳಿಗೆ ಒಂದು ಬೋಲ್ಟು ಬಿಚ್ಚೋಕೆ ಆಗಲ್ವಾ?”

ಮಾವ ತಟ್ಟೆ ದೂಡಿ ಎದ್ದರು. “ಇಪ್ಪತ್ತೆರಡು ವರ್ಷ ಗ್ಯಾರೇಜಿನವನ ಕೈ, ನನ್ನ ಕೈ ಬಿಟ್ಟು ಇನ್ನೊಂದು ಕೈ ಅದರ ಬಾನೆಟ್ಟಿಗೆ ತಗಲಿಲ್ಲ. ನೀನು ಬಿಚ್ಚಿದ ಮೇಲೆ ನಾನು ಅದರ ತಂಟೆಗೇ ಬರಲ್ಲ ನೋಡಮ್ಮಾ. ತಗೋ ಕೀ!”

“ನನಗಂತೂ ಸವತಿ ಇದ್ರೇನು, ಹೋದ್ರೇನು,” ಎಂದರು ಅತ್ತೆ.

“ನಾಲ್ಕು ವಾರ,” ಎಂದರು ಮೇಷ್ಟ್ರು ಬೆರಳು ಮಡಚುತ್ತಾ. “ಪಾಸಾದ್ರೆ ಗಾಡಿ ನಿಂದು. ಫೇಲಾದ್ರೆ ಗುಜರಿ. ನಾನು ಮಧ್ಯೆ ಕೈ ಹಾಕಲ್ಲ.”

ಹೀಗೆ ಮೂವರೂ ಕೈ ಹಾಕುವುದಿಲ್ಲವೆಂದು ಶಪಥ ಮಾಡಿ ಊಟ ಮುಗಿಸಿದರು.

ಕಾರಿನ ಜೊತೆ ಬಂದಿದ್ದ ಕೈಪಿಡಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಒಡೆಯದೆ ಹಾಗೇ ಇತ್ತು. ಸೊಸೆ ಅದನ್ನು ವಾರವಿಡೀ ಬಸ್ಸಿನಲ್ಲಿ, ಚಹಾ ವೇಳೆಯಲ್ಲಿ, ಒಲೆಯ ಮುಂದೆ ಓದಿದಳು. ಹಾಲು ಎರಡು ಸಲ ಉಕ್ಕಿತು. ಮೂರನೆಯ ಸಲ ಅತ್ತೆ ಪುಸ್ತಕವನ್ನೇ ಕಿತ್ತುಕೊಂಡರು. ವಾರ್ಡಿನಲ್ಲಿ ರೋಗಿಯ ಹಾಸಿಗೆಗೆ ಹಾಳೆ ತೂಗುಹಾಕುವ ಹಾಗೆ ಅವಳು ಶೆಡ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿದಳು: ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್, ವೈಪರ್.

ಬಿಡಿಭಾಗದ ಅಂಗಡಿಯವರು ಪಟ್ಟಿ ನೋಡಿ, “ಯಾವ ಗ್ಯಾರೇಜಿಗಮ್ಮಾ?” ಎಂದರು.

“ನಮ್ಮನೆ ಗ್ಯಾರೇಜು.”

“ಮೆಕ್ಯಾನಿಕ್ ಯಾರು?”

“ನಾನೇ.”

ಅಂಗಡಿಯವರು ಅವಳನ್ನು ಮೇಲಿಂದ ಕೆಳಗೆ ನೋಡಿ, ತಲೆ ಕೆರೆದು, ಆಮೇಲೆ ಸಾಮಾನಿನ ಜೊತೆ ಒಂದು ಬುದ್ಧಿಮಾತನ್ನೂ ಕಟ್ಟಿಕೊಟ್ಟರು: “ಬೋಲ್ಟು ಬಿಗಿಯೋವಾಗ ಮನೆಯವರ ಮೇಲಿನ ಸಿಟ್ಟೆಲ್ಲ ಅದರ ಮೇಲೆ ತೀರಿಸ್ಕೋಬೇಡಿ. ಥ್ರೆಡ್ ಹೋಗ್ಬಿಡುತ್ತೆ.”

ಮೊದಲ ಭಾನುವಾರ ಚಕ್ರಗಳ ಹಿಂದೆ ಕಲ್ಲಿಟ್ಟು, ಜ್ಯಾಕ್ ಏರಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಎರಡು ಸಲ ಅಲುಗಾಡಿಸಿ ನೋಡಿ, ಅವಳು ಕಾರಿನಡಿ ತೂರಿದಳು. ಆಯಿಲ್ ಇಳಿಸುವ ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಳೆದಳು, ಒದ್ದಳು, ಬೈದಳು. ಶೆಡ್ಡಿನ ಪಕ್ಕದ ಕಿಟಕಿಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಅತ್ತೆ ಎಷ್ಟು ಹೊತ್ತು ತಾನೇ ಸುಮ್ಮನಿರಬಲ್ಲರು?

“ಅಯ್ಯೋ, ಅದು ಹಾಗಲ್ಲ ಕಣೇ! ತುಕ್ಕು ಹಿಡಿದಿದ್ದಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಹತ್ತು ನಿಮಿಷ ಅದರ ಪಾಡಿಗೆ ಬಿಡ್ಬೇಕು. ನನ್ನ ಮಿಷನ್ನು ಕಚ್ಕೊಂಡಾಗ ನಾನೇನು ಒದೀತೀನಾ?”

“ನೀವು ಕೈ ಹಾಕಲ್ಲ ಅಂದಿದ್ರಲ್ಲ ಅತ್ತೆ?”

“ಕೈ ಎಲ್ಲಿ ಹಾಕಿದೆ? ಬಾಯಿ ಹಾಕಿದೆ.”

ಹತ್ತು ನಿಮಿಷವಾದ ಮೇಲೆ ಬೋಲ್ಟು ‘ಟಕ್’ ಎಂದು ಬಿಟ್ಟುಕೊಟ್ಟಿತು. ಡಾಂಬರಿನಂಥ ಆಯಿಲ್ ಧುಮುಕಿತು. ಸೊಸೆಗೆ ಆ ಕರಿ ಧಾರೆಯನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ, ಕೀವು ತುಂಬಿದ ಕುರು ಒಡೆದಾಗ ಡಾಕ್ಟರಿಗೂ ಅಷ್ಟು ಖುಷಿಯಾಗುವುದಿಲ್ಲ. ಬೋಲ್ಟಿನ ವಾಷರ್ ಸೀಳಿಹೋಗಿತ್ತು. ಇಂಜಿನ್ನಿನ ತಲೆಯ ಮೇಲಿನ ಮುಚ್ಚಳದ ರಬ್ಬರ್ ಪ್ಯಾಕಿಂಗು ಒಣಗಿ ಬಿಸ್ಕತ್ತಾಗಿತ್ತು. ಅಂಗಡಿಗೆ ಓಡಿ ಹೊಸವನ್ನು ತಂದು ಎರಡನ್ನೂ, ಜೊತೆಗೆ ಆಯಿಲ್ ಫಿಲ್ಟರನ್ನೂ ಬದಲಾಯಿಸಿದಳು. ಹೊಸ ಆಯಿಲ್ ಸುರಿದು, ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದಳು. ಎರಡು ಗೆರೆಗಳ ನಡುವೆ, ಎಲ್ಲಿರಬೇಕೋ ಅಲ್ಲೇ ಇತ್ತು. ಕಾರಿನಡಿಗೆ ಒಂದು ನ್ಯೂಸ್‌ಪೇಪರ್ ಹಾಸಿ ಬಂದಳು.

ಸೋಮವಾರ ಬೆಳಗ್ಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಒಣಗಿದೆ! ಪೇಪರ್ ಪೂರ್ತಿ ಒಣಗಿದೆ!”

ಮೇಷ್ಟ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. “ಒಂದು ಹನೀನೂ ಇಲ್ವಾ?” ಆಮೇಲೆ ತಾನು ಮಧ್ಯೆ ಬಾರದವನೆಂಬುದು ನೆನಪಾಗಿ, ನೊರೆ ಉಗಿದು, ಒಳಗೆ ಹೋದರು. ಮಾವ ಕುರ್ಚಿಯಿಂದ ಏಳಲಿಲ್ಲ. “ಒಣಗಿದೆಯಂತೆ,” ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡು, ಯಾವುದೋ ಯೋಚನೆಗೆ ಬಿದ್ದರು.

ಎರಡನೆಯ ಭಾನುವಾರ ಏರ್ ಫಿಲ್ಟರ್ ತೆಗೆದರೆ ಅದರೊಳಗಿಂದ ಒಂದು ಹಿಡಿ ಒಣ ಎಲೆ, ಒಂದು ಮೊರ ಧೂಳು. “ಇಷ್ಟು ದಿನ ಪಾಪ ಇದು ಉಸಿರಾಡಿದ್ದಾದ್ರೂ ಹೇಗೆ!” ಎಂದು ಮರುಗಿದಳು. ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಒಂದೊಂದಾಗಿ ಹಾಕಿದಳು, ವಯರುಗಳು ಅದಲುಬದಲಾಗದಿರಲೆಂದು. ಮೇಷ್ಟ್ರು ಶೆಡ್ಡಿನ ಬಾಗಿಲಾಚೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಒಳಗೆ ಚಾಚಿದ್ದರು.

“ಅದರ ತುದಿ ಸಂದು ಎಷ್ಟಿರ್ಬೇಕು?”

“ಪಾಯಿಂಟ್ ಎಂಟು ಮಿಲಿಮೀಟರ್.”

“ಅಳತೆ ಮಾಡಿದ್ಯಾ, ಇಲ್ಲಾ ಕಣ್ಣಂದಾಜಾ? ಕಣ್ಣಂದಾಜಿಗೆಲ್ಲ ನಾನು ಮಾರ್ಕ್ಸ್ ಕೊಡಲ್ಲ.”

“ಅಳೆದಿದೀನಿ ಮೇಷ್ಟ್ರೇ. ಬೇಕಾದ್ರೆ ಒಳಗೆ ಬಂದು ತಿದ್ದಿ.”

ಕೀ ತಿರುಗಿಸಿದಳು. ಕೆಮ್ಮು ಇಲ್ಲ! ಒಂದೇ ಸಲಕ್ಕೆ ಇಂಜಿನ್ ಹೂಂಗುಟ್ಟಿತು. ಒಳಗಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಮಾವ ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದಾರೆಂದು ಸೊಸೆಗೆ ಗೊತ್ತಾಯಿತು.

ಹಾಗೆಂದು ಮನೆಯಲ್ಲಿ ಎಲ್ಲವೂ ಹಾಲುಜೇನಾಗಿತ್ತು ಅಂದುಕೊಳ್ಳಬೇಡಿ. ಮೂರನೆಯ ಭಾನುವಾರ ಬ್ರೇಕ್ ಪ್ಯಾಡ್ ಬದಲಾಯಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಅನ್ನ ಆರಿಹೋಗಿತ್ತು, ಬೆಳಗಿನ ತಟ್ಟೆಗಳು ಹಾಗೇ ಬಿದ್ದಿದ್ದವು. ಅದರ ಮೇಲೆ, ಹಿಟ್ಟು ನಾದುವ ಅಗಲದ ಪಾತ್ರೆ ಕರಿ ಆಯಿಲ್ ತುಂಬಿಕೊಂಡು ಶೆಡ್ಡಿನ ಮೂಲೆಯಲ್ಲಿ ಅತ್ತೆಯ ಕಣ್ಣಿಗೆ ಬಿತ್ತು.

“ನನ್ನ ಪಾತ್ರೆ! ನಿನ್ನ ಮುಖಕ್ಕಿಷ್ಟು! ಬೇರೆ ಪಾತ್ರೆ ಸಿಗಲಿಲ್ವಾ ನಿಂಗೆ?”

“ಹೊಸಾದು ತಂದ್ಕೊಡ್ತೀನಿ ಅತ್ತೆ.”

“ಪಾತ್ರೆ ತರ್ತೀಯ, ತೊಳೆಯೋ ಕೈ ಎಲ್ಲಿಂದ ತರ್ತೀಯ? ಉಣ್ಣೋರು ನಾಲ್ವರು, ತೊಳೆಯೋಳು ನಾನೊಬ್ಳಾ? ನೀನು ಆ ಸವತಿ ಸೇವೆಗೆ ನಿಂತಾಗಿಂದ ನನ್ನ ಸೊಂಟ ಬಿದ್ದೋಗಿದೆ!”

ಅತ್ತೆಯ ಮಾತು ನ್ಯಾಯವಾದದ್ದೇ. ಸೊಸೆಗೆ ಚುರುಕ್ಕೆಂದಿತು. ಆದರೆ ಅವಳು ಓಡಿದ್ದು ಬಚ್ಚಲಿಗಲ್ಲ, ಗಂಡನ ಕೋಣೆಗೆ. “ರೀ, ಕಾರಿಗೆ ಕೈ ಹಾಕಲ್ಲ ಅಂದ್ರಿ, ಸರಿ. ಪಾತ್ರೆಗೆ ಹಾಕಲ್ಲ ಅಂದಿಲ್ವಲ್ಲ?”

ಮೇಷ್ಟ್ರು ಉತ್ತರಪತ್ರಿಕೆಗಳ ರಾಶಿ ತೋರಿಸಿದರು. ಸೊಸೆ ತನ್ನ ಕರಿಬಡಿದ ಎರಡೂ ಅಂಗೈ ತೋರಿಸಿದಳು. ಮೇಷ್ಟ್ರು ಎದ್ದು ಹೋಗಿ ಪಾತ್ರೆ ತೊಳೆದರು. ಮೂರು ತಟ್ಟೆಯಲ್ಲಿ ಸೋಪು ಹಾಗೇ ಉಳಿದಿತ್ತು, ಆದರೂ ತೊಳೆದರು. ಅಂದಿನಿಂದ ಸಂಜೆಯ ಪಾತ್ರೆ ಅವರ ಪಾಲಿಗೆ ಬಂತು.

ಹೀಗೆ ತಪಾಸಣೆಯ ದಿನ ಬಂತು. ಮಂಗಳವಾರ, ಹನ್ನೊಂದು ಗಂಟೆಗೆ ಸಮಯ ಕೊಟ್ಟಿದ್ದರು. ಗುಜರಿಯವನೂ ಅದೇ ಮಧ್ಯಾಹ್ನ ಬರುವವನಿದ್ದ. ಮೇಷ್ಟ್ರು ‘ಸುಮ್ನೆ ನೋಡೋಣ ಅಂತ’ ಅರ್ಧ ದಿನ ರಜೆ ಹಾಕಿದ್ದರು. ಅತ್ತೆ ‘ಮನೇಲೊಬ್ಳೇ ಏನು ಮಾಡ್ಲಿ’ ಎಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಯಾಕೆಂದು ಯಾರೂ ಕೇಳಲಿಲ್ಲ.

ಒಂಬತ್ತಕ್ಕೆ ಸೊಸೆ ಕೀ ತಿರುಗಿಸಿದಳು. ಇಂಜಿನ್ ಎದ್ದಿತು. ಮರುಕ್ಷಣವೇ ಹಿಂದಿನ ಕೊಳವೆಯಿಂದ ದಟ್ಟ ಹೊಗೆ! ಬಿಳಿ, ನೀಲಿ, ಗಪ್ಪೆಂದು ಶೆಡ್ಡು ತುಂಬಿ, ಅತ್ತೆ ಕೆಮ್ಮುತ್ತಾ ಬೀದಿಗೆ ಓಡಿದರು.

“ಹೋಯ್ತು! ಇಂಜಿನ್ನೇ ಹೋಯ್ತು!” ಎಂದರು ಮೇಷ್ಟ್ರು.

“ಕೊಂದ್ಯಲ್ಲಮ್ಮಾ ಅವಳನ್ನ!” ಎಂದರು ಮಾವ.

ಸೊಸೆ ಇಂಜಿನ್ ನಿಲ್ಲಿಸಿದಳು. ಹೊಸ ಕೆಲಸ, ಊರಾಚೆಯ ಮನೆಗಳು, ತನಗಾಗಿ ಕಾಯುವ ರೋಗಿಗಳು, ಎಲ್ಲ ಆ ಹೊಗೆಯ ಜೊತೆಗೇ ಹಾರಿಹೋದಂತಾಯಿತು. ಆದರೆ ಹತ್ತು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ರೋಗಿ ಏದುಸಿರು ಬಿಡುವಾಗ ಮನೆಯವರು ಚೀರಬಹುದು, ನರ್ಸು ಮೊದಲು ನಾಡಿ ನೋಡಬೇಕು. ಆಯಿಲ್ ಇಳಿದು ನಿಲ್ಲಲೆಂದು ಹತ್ತು ನಿಮಿಷ ಬಿಟ್ಟು, ಬಾನೆಟ್ ಎತ್ತಿ, ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದಳು.

ಮೇಲಿನ ಗೆರೆಗಿಂತ ಎರಡು ಬೆರಳು ಮೇಲಕ್ಕೆ ಆಯಿಲ್!

“ಇದೇನಿದು? ನಾನು ಹಾಕಿದ್ದು ಇಷ್ಟಲ್ಲ. ಯಾರು ಸುರಿದದ್ದು ಇದಕ್ಕೆ?”

ಮಾವ ಶೆಡ್ಡಿನ ಸೂರು ನೋಡಿದರು.

“ಮಾವ?”

“ಅಲ್ಲಮ್ಮಾ… ನೀನು ಒಣಗಿದೆ ಅಂದ್ಯಲ್ಲ. ಇಪ್ಪತ್ತೆರಡು ವರ್ಷ ಸೋರಿದ್ದು ಒಂದೇ ದಿನಕ್ಕೆ ನಿಲ್ಲುತ್ತಾ? ಒಳಗೆ ಆಯಿಲ್ಲೇ ಖಾಲಿಯಾಗಿರ್ಬೇಕು, ಅದಕ್ಕೇ ಸೋರ್ತಿಲ್ಲ ಅಂದ್ಕೊಂಡೆ. ಬುಧವಾರ ಬುಧವಾರ ಒಂದೊಂದು ಲೋಟ… ಮೂರು ಬುಧವಾರ.”

“ರಾಮಾ!” ಎಂದರು ಅತ್ತೆ ಬಾಗಿಲಿನಿಂದ. ಆಮೇಲೆ ದನಿ ತಗ್ಗಿಸಿ, “ನಾನೂ ಹಾಕಿದೀನಿ ಕಣೇ. ಶುಕ್ರವಾರ ನನ್ನ ಮಿಷನ್ನಿಗೆ ಎಣ್ಣೆ ಬಿಡೋ ದಿನ. ಪಾಪ, ಇವಳೂ ಒಂದು ಮಿಷನ್ನೇ ಅಲ್ವಾ ಅಂತ ಮೂರು ಶುಕ್ರವಾರವೂ ಅದೇ ಕಾರಿನ ಡಬ್ಬಿಯಿಂದ ಅರ್ಧರ್ಧ ಲೋಟ. ನನಗೇನು ಗೊತ್ತು ಈ ಪುಣ್ಯಾತ್ಮರೂ ಹಾಕ್ತಿದಾರೆ ಅಂತ?”

“ಸವತಿ ಇದ್ರೇನು ಹೋದ್ರೇನು ಅಂದಿದ್ರಿ!”

“ನೀನು ಅಷ್ಟು ಕಷ್ಟಪಡೋದು ನೋಡೋಕಾಗ್ಲಿಲ್ಲ. ಅದಕ್ಕೆ.”

ಸೊಸೆ ಗಂಡನ ಕಡೆ ತಿರುಗಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು.

“ನಿನ್ನೆ ಸಂಜೆ,” ಎಂದರು. “ಪರೀಕ್ಷೆಗೆ ಮುಂಚೆ ಮಕ್ಕಳ ಪೆನ್ನಿಗೆ ಇಂಕು ತುಂಬಿಸೋ ಹಾಗೆ… ಒಂದೂವರೆ ಲೋಟ.”

“ಅಳತೆ ಮಾಡಿದ್ರಾ?”

“ಕಣ್ಣಂದಾಜು.”

ಸೊಸೆಗೆ ಮೊದಲು ಮೂವರನ್ನೂ ಆ ಹಿಟ್ಟಿನ ಪಾತ್ರೆಯಲ್ಲೇ ನಾದಿಬಿಡಬೇಕೆನಿಸಿತು. ಮರುಕ್ಷಣ ಹೊಟ್ಟೆಯೊಳಗಿಂದ ನಗು ಉಕ್ಕಿಬಂತು. ಸೋರಿಕೆ ನಿಲ್ಲಿಸಿದ್ದು ಅವಳೊಬ್ಬಳೇ, ಸುರಿಯುವುದನ್ನು ನಿಲ್ಲಿಸಿದವರು ಯಾರೂ ಇಲ್ಲ! ತಾನಾದರೂ ಏನು ಮಾಡಿದಳು? ದಿನಾ ಪೇಪರ್ ಒಣಗಿದೆಯೇ ಎಂದು ನೆಲ ನೋಡಿದಳೇ ಹೊರತು ಕಡ್ಡಿ ಎಳೆದು ನೋಡಲಿಲ್ಲ. ಅತಿಯಾದರೆ ಅಮೃತವೂ ವಿಷವಂತೆ, ಇನ್ನು ಆಯಿಲ್ ಯಾವ ಲೆಕ್ಕ!

“ಇಂಜಿನ್ ಹೋಗಿಲ್ಲ,” ಎಂದಳು. “ಹೊಟ್ಟೆ ತುಂಬಿ ತೇಗ್ತಾ ಇದೆ, ಅಷ್ಟೇ. ಹೆಚ್ಚಿಗೆ ಇರೋದನ್ನ ತೆಗೀಬೇಕು.”

“ಜ್ಯಾಕ್ ಹಾಕಿ ಕೆಳಗಿಂದ ಬಿಚ್ಚೋಕೆ ಟೈಮೆಲ್ಲಿದೆ?” ಎಂದರು ಮೇಷ್ಟ್ರು.

“ಕೆಳಗಿಂದ ಯಾಕೆ? ಅತ್ತೆ, ಬೀರುವಿನಲ್ಲಿರೋ ನನ್ನ ಚೀಲ ತನ್ನಿ!”

ಅತ್ತೆ ಆ ವಯಸ್ಸಿನಲ್ಲಿ ಓಡಿದರು! ಸೊಸೆ ಚೀಲದಿಂದ ಉದ್ದನೆಯ ತೆಳು ನಳಿಕೆ ತೆಗೆದಳು. ನುಂಗಲಾಗದ ರೋಗಿಗಳಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿ ಆಹಾರ ಕೊಡುವ ನಳಿಕೆ ಅದು. ಅದರ ತುದಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಕಡ್ಡಿ ಇಳಿಯುವ ತೂತಿನಲ್ಲಿ ಮೆಲ್ಲಗೆ ತೂರಿಸಿದಳು. ಸಾವಿರ ಸಲ ಮಾಡಿದ ಕೈ. ತಳ ತಾಗಿದ್ದು ಬೆರಳಿಗೇ ಗೊತ್ತಾಯಿತು. ಎಳೆದಳು. ಬೆಚ್ಚಗಿನ ಆಯಿಲ್ ಸುರ್‍ರನೆ ಸಿರಿಂಜಿಗೆ ಏರಿತು.

“ಬಂತು! ಬಂತು!” ಎಂದು ಮಾವ ಮಂಡಿ ಮರೆತು ಕುಣಿದರು.

“ಲೋಟ ಇನ್ನೂರು ಮಿಲಿ,” ಎಂದರು ಮೇಷ್ಟ್ರು, ಜೀವ ಬಂದವರ ಹಾಗೆ. “ಅಪ್ಪಂದು ಆರುನೂರು. ಅಮ್ಮಂದು ಮುನ್ನೂರು. ನಂದು ಮುನ್ನೂರು. ಸಿರಿಂಜು ಐವತ್ತರದ್ದು. ಇಪ್ಪತ್ನಾಲ್ಕು ಸಲ ಎಳೀಬೇಕು!”

ಸೊಸೆ ಎಳೆದಳು, ಮೇಷ್ಟ್ರು ಎಣಿಸಿದರು, ಅತ್ತೆ ಅದೇ ಹಿಟ್ಟಿನ ಪಾತ್ರೆ ಹಿಡಿದು ನಿಂತರು, ಮಾವ ಟಾರ್ಚ್ ಬಿಟ್ಟರು. ಹದಿನೆಂಟರ ಹೊತ್ತಿಗೆ ಎಣಿಕೆಗೆ ನಾಲ್ಕೂ ದನಿ ಸೇರಿದ್ದವು. ಇಪ್ಪತ್ನಾಲ್ಕಕ್ಕೆ ಕಡ್ಡಿ ಅದ್ದಿ ನೋಡಿದಳು. ಮೇಲಿನ ಗೆರೆಗೆ ಕೂದಲೆಳೆಯಷ್ಟು ಕೆಳಗೆ!

ಏರ್ ಫಿಲ್ಟರಿನ ಕೊಳವೆಗೆ ನುಗ್ಗಿದ್ದ ಆಯಿಲ್ ಒರೆಸಿ, ಗಾಡಿ ತೆಗೆದಳು. ಮೊದಲ ಎರಡು ಬೀದಿ ಹೊಗೆ ಹಿಂಬಾಲಿಸಿತು. ಹಿಂದೆ ಕೂತ ಅತ್ತೆ ಕತ್ತು ತಿರುಗಿಸಿ ವರದಿ ಕೊಡುತ್ತಿದ್ದರು: “ಇದೆ… ಇನ್ನೂ ಇದೆ… ಕಮ್ಮಿಯಾಯ್ತು… ಇಲ್ಲ ಕಣೇ, ಇಲ್ಲವೇ ಇಲ್ಲ! ಹಿಂದಿನ ಸ್ಕೂಟರಿನವನ ಹಲ್ಲೂ ಕಾಣ್ತಿದೆ!”

ತಪಾಸಣೆಯ ಮೈದಾನದಲ್ಲಿ ಅಧಿಕಾರಿ ಹೊಗೆಕೊಳವೆಗೆ ಯಂತ್ರದ ಮೂತಿ ಇಟ್ಟರು, ಬ್ರೇಕು ತುಳಿದರು, ದೀಪ ಹಾಕಿದರು, ಬಗ್ಗಿ ಅಡಿ ನೋಡಿದರು. ನಾಲ್ವರೂ ಬೇಲಿಯ ಪಕ್ಕ ಸಾಲಾಗಿ ನಿಂತಿದ್ದರು.

“ಈ ವಯಸ್ಸಿನ ಗಾಡಿ ಇಷ್ಟು ಚೊಕ್ಕಟವಾಗಿ ಬರೋದು ನಾನು ನೋಡಿಲ್ಲ,” ಎಂದರು ಅಧಿಕಾರಿ, ಮುದ್ರೆ ಒತ್ತುತ್ತಾ. “ಯಾವ ಗ್ಯಾರೇಜಿನವನು ಯಜಮಾನ್ರೇ?”

ಮಾವ ಎದೆ ಸೆಟೆಸಿದರು. “ಗ್ಯಾರೇಜಿನವನಲ್ಲ ಸ್ವಾಮಿ. ನಮ್ಮ ಸೊಸೆ.”

ಮೇಷ್ಟ್ರು ಮೆಲ್ಲಗೆ ಆಚೆ ಸರಿದು ಗುಜರಿಯವನಿಗೆ ಬರಬೇಡವೆಂದು ಫೋನ್ ಮಾಡಿ ಬಂದರು. ಸೊಸೆ ಕಾಗದ ಎದೆಗೊತ್ತಿಕೊಂಡು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಮೇಲ್ವಿಚಾರಕಿಗೆ ಫೋನ್ ಮಾಡಿದಳು.

“ಮೇಡಂ, ಸರ್ಟಿಫಿಕೇಟ್ ಸಿಕ್ತು!”

“ಗಾಡಿ ಎಷ್ಟು ವರ್ಷದ್ದು?”

“ಇಪ್ಪತ್ತೆರಡು.”

“ಎಷ್ಟು ಓಡಿದೆ?”

ಸೊಸೆ ಹೇಳಿದಳು. ಆ ಕಡೆ ದೊಡ್ಡ ನಿಟ್ಟುಸಿರು ಕೇಳಿಸಿತು. “ನೋಡಮ್ಮಾ, ಕಾಗದ ಇರಬಹುದು. ದಾರಿ ಮಧ್ಯೆ ನಿಂತ್ಬಿಟ್ರೆ ಏನು ಮಾಡ್ತೀಯ? ಅಲ್ಲಿ ರೋಗಿ ಕಾಯ್ತಾ ಇರ್ತಾರೆ. ಆ ಇನ್ನೊಬ್ಬಳದು ಹೊಸ ಗಾಡಿ.”

ಬೇಲಿಯ ಪಕ್ಕ ಮೂರು ಮುಖ ಬಾಡಿದವು. ಸೊಸೆ ಮಾತ್ರ ನಕ್ಕಳು.

“ನಿಂತ್ರೆ ನಾನೇ ಇಳಿದು ಬಾನೆಟ್ ಎತ್ತುತ್ತೀನಿ, ಮೇಡಂ. ಆಯಿಲ್, ಪ್ಲಗ್ಗು, ಬ್ರೇಕು, ಎಲ್ಲ ನನ್ನ ಕೈಯಿಂದಲೇ ಬಿಚ್ಚಿ ಹಾಕಿರೋದು. ಏನಾಗಿದೆ ಅಂತ ನನಗೆ ಗೊತ್ತಾಗುತ್ತೆ. ಹೊಸ ಗಾಡಿ ನಿಂತ್ರೆ ಅವಳು ಯಾರಿಗೆ ಫೋನ್ ಮಾಡ್ತಾಳೆ, ಕೇಳಿ ನೋಡಿ.”

“ಎಲ್ಲ ಮಾಡಿದ್ದು ನೀನೇನಾ?” ಎಂದರು ಮೇಲ್ವಿಚಾರಕಿ.

“ನಾನೇ.”

“ಒಂದನೇ ತಾರೀಖು, ಬೆಳಗ್ಗೆ ಎಂಟು ಗಂಟೆ. ತಡ ಮಾಡ್ಬೇಡ.”

ಸೊಸೆ ಕಿರುಚಿದ ಕಿರುಚಿಗೆ ಅಧಿಕಾರಿ ಮುದ್ರೆ ಕೆಳಗೆ ಬೀಳಿಸಿದರು. ಅತ್ತೆ ಅವಳನ್ನು ತಬ್ಬಿ ಬೆನ್ನಿಗೆ ನಾಲ್ಕು ಗುದ್ದಿದರು, ಮೇಷ್ಟ್ರಿಗೆ ಕನ್ನಡಕ ಮತ್ತೆ ಒರೆಸಬೇಕಾಯಿತು. ಮಾವ ಆಗಲೇ ಕಾರಿನ ಎಡಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಿದ್ದರು.

“ಏನು ನೋಡ್ತಾ ನಿಂತೆ?” ಎಂದರು. “ಗಾಡಿ ನಿಂದು. ತೆಗಿಯಮ್ಮಾ.”

ಸೊಸೆ ಹತ್ತಿ ಕೂತು ಗಾಡಿ ತೆಗೆದಳು.